ಗಾಡಿ ನಿಂತ ಕಾರಣ

ಹತ್ತು ಗಂಟೆಗೆ ಆಂಬುಲೆನ್ಸ್ ಬರುತ್ತದೆಂದು ಗೊತ್ತಿದ್ದ ಗುರುಪ್ರಕಾಶನಿಗೆ ಒಂಬತ್ತೂವರೆಗೇ ಅಂಗಡಿಯ ಶಟರು ಎಳೆದು ಎಲ್ಲಿಗಾದರೂ ಹೋಗಿಬಿಡೋಣ ಅನ್ನಿಸಿತು. ಎಲ್ಲಿಗೆ ಎಂದು ಮಾತ್ರ ಹೊಳೆಯಲಿಲ್ಲ. ತುಮಕೂರಿನ ಬಟವಾಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಡಿಗಳ ವೈರು ಹಿಡಿದು ಬದುಕಿದವನು ಕೆಲಸದ ದಿನ ಎಲ್ಲಿಗೆ ಹೋಗುತ್ತಾನೆ? ಮನೆಗೆ ಹೋದರೆ ಹೆಂಡತಿ ಮಾಲಿನಿ ಯಾಕೆ ಬಂದಿರಿ ಎಂದು ಕೇಳುತ್ತಾಳೆ, ಆ ಪ್ರಶ್ನೆಯೊಂದನ್ನು ಅವನಿಂದ ತಡೆದುಕೊಳ್ಳಲಾಗುವುದಿಲ್ಲ. ಬೆಳಿಗ್ಗೆ ಪೂಜೆಗೆ ಕೂತಾಗ ಎಡ ಅಂಗೈಯ ಮೇಲಿದ್ದ ಲಿಂಗ ಸಣ್ಣಗೆ ಅಲುಗುತ್ತಿತ್ತು. ಕೈ ನಡುಗುತ್ತಿದೆಯೆಂದು ಅವನಿಗೆ ತಿಳಿಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಮಾಲಿನಿಗೆ ತಿಳಿದಿತ್ತು. "ಶುಗರ್ ಚೆಕ್ ಮಾಡುಸ್ಕೊಳಿ ಅಂತ ಎಷ್ಟು ಸಲ ಬಡ್ಕೊಳ್ಲಿ ನಿಮಗೆ?" ಅಂದಿದ್ದಳು. ಶುಗರ್ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡು ಅವನು ವಿಭೂತಿ ಹಚ್ಚಿಕೊಂಡು ಎದ್ದಿದ್ದ. ಈಗ ಅದೇ ಕೈಯಲ್ಲಿ ಸ್ಕ್ರೂಡ್ರೈವರು, ಟೆಸ್ಟರು, ಪಾನಾಗಳನ್ನೆಲ್ಲ ಒಂದೊಂದಾಗಿ ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸುತ್ತ ಕೂತ.

ಹಿಂದಿನ ಸಂಜೆ ಆಂಬುಲೆನ್ಸಿನ ಮಾಲೀಕ ರವೀಶ್ ಫೋನು ಮಾಡಿ ವಿಷಯ ಹೇಳಿದ್ದ. ರವೀಶನಿಗೆ ಎರಡು ಆಂಬುಲೆನ್ಸುಗಳಿವೆ, ಸಾವಿನ ವಿಚಾರವನ್ನೂ ಅವನು ಬಾಡಿಗೆಯ ದನಿಯಲ್ಲೇ ಮಾತಾಡುತ್ತಾನೆ. "ಗುರು ಅವ್ರೇ, ನಾಳೆ ಗಾಡಿ ಕಳಿಸ್ತೀನಿ. ಆಲ್ಟರ್ನೇಟರ್ ಯಾಕೆ ಸುಟ್ಟೋಯ್ತು ನೋಡಿ ನಿಮ್ ಲೆಟರ್‌ಹೆಡ್ಡಲ್ಲಿ ಒಂದ್ ನಾಕು ಲೈನ್ ಬರ್ಕೊಡಿ. ಆ ಯಮ್ಮನ ಮಗಳು ಬರಹದಲ್ಲೇ ಬೇಕು ಅಂತ ಕೂತವ್ಳೆ. ಮೀಟರ್ ಬೋರ್ಡಲ್ಲಿ ರೆಡ್ ಲೈಟ್ ಬಂದ್ಮೇಲೂ ಡ್ರೈವರ್ ಗಾಡಿ ಓಡಿಸಿದಾನೆ, ಅದಕ್ಕೇ ಹಿಂಗಾಗೈತೆ. ಅಷ್ಟು ಬರೀರಿ, ಸಾಕು." ಆ ಯಮ್ಮ ಅಂದರೆ ಕುಣಿಗಲ್ಲಿನ ಲಕ್ಷ್ಮೀದೇವಮ್ಮ. ಹದಿನೆಂಟು ದಿನದ ಹಿಂದೆ ಎದೆನೋವೆಂದು ಅವರನ್ನು ತುಮಕೂರಿನ ಆಸ್ಪತ್ರೆಗೆ ಕರೆತರುವಾಗ ಹೆಬ್ಬೂರು ದಾಟಿದ ಮೇಲೆ ಗಾಡಿ ನಿಂತಿತು. ಆಲ್ಟರ್ನೇಟರ್ ಸುಡುವಷ್ಟು ಬಿಸಿಯಾಗಿ ಕರೆಂಟು ಕೊಡುವುದನ್ನೇ ಬಿಟ್ಟಿತ್ತು, ಬ್ಯಾಟರಿ ಇದ್ದಷ್ಟು ದೂರ ಇಂಜಿನ್ ಓಡಿತು. ಇನ್ನೊಂದು ಗಾಡಿ ಬಂದು ಸೇರುವುದಕ್ಕೆ ಐವತ್ತು ನಿಮಿಷವಾಯಿತು. ಅಷ್ಟರಲ್ಲಿ ಅವರು ರಸ್ತೆಯ ಮೇಲೇ ತೀರಿಹೋಗಿದ್ದರು. ಗಾಡಿ ಯಾಕೆ ನಿಂತಿತೆಂಬುದು ಗುರುಪ್ರಕಾಶನಿಗೆ ಬಿಚ್ಚಿ ನೋಡದೆಯೇ ಗೊತ್ತಿತ್ತು. ಬೇರೆ ಕಾರಣ ಇರಬಹುದಾದ ಸಾಧ್ಯತೆಯೂ ಅಷ್ಟಿಷ್ಟು ಇತ್ತು. ಆ ಅಷ್ಟಿಷ್ಟನ್ನು ಹಿಡಿದುಕೊಂಡೇ ಅವನು ಹದಿನೆಂಟು ದಿನ ಉಂಡಿದ್ದ, ಮಲಗಿದ್ದ, ಗಿರಾಕಿಗಳ ಜೊತೆ ನಕ್ಕಿದ್ದ.

ಟೆಂಪೋ ಒಂದರ ಹಿಂದೆ ಹಗ್ಗ ಕಟ್ಟಿಸಿಕೊಂಡು ಗಾಡಿ ಬಂದಿತು. ಸ್ಟೇರಿಂಗ್ ಹಿಡಿದು ಕೂತಿದ್ದವನು ಡ್ರೈವರ್ ನಾಗೇಶ, ಗುಬ್ಬಿಯ ಕಡೆಯವನು, ಎರಡು ಹೆಣ್ಣುಮಕ್ಕಳ ತಂದೆ. ಹದಿನೆಂಟು ದಿನದಿಂದ ರವೀಶ್ ಅವನನ್ನು ಡ್ಯೂಟಿಗೆ ಕರೆದಿರಲಿಲ್ಲ. ಇವತ್ತು ಕರೆಸಿದ್ದು ಗಾಡಿ ಎಳೆತರಲು ಮಾತ್ರ. ಇಳಿದವನು ಗುರುಪ್ರಕಾಶನ ಮುಖ ನೋಡಿ ನಕ್ಕ. ಆ ನಗೆಯಲ್ಲಿ ಯಾವ ಆಪಾದನೆಯೂ ಇರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ಅಣ್ಣ, ಹೊಲಿಗೆ ಬಿಚ್ಚಿದಂಗೆ ಎಲ್ಲಾ ಬಿಚ್ಚಿ ನೋಡಣ್ಣ," ಎಂದ ನಾಗೇಶ. "ನಾನೇ ಸಾಯಿಸ್ಬುಟ್ನೇನೋ ಅಂತ ನಿದ್ದೆ ಬರ್ತಿಲ್ಲ ಕಣಣ್ಣ. ನಿಂಗಾದ್ರೆ ಗೊತ್ತಾಯ್ತದೆ." ಗುರುಪ್ರಕಾಶ್ ಬಾನೆಟ್ ಎತ್ತಿ ತಲೆಯನ್ನು ಇಂಜಿನ್ನಿನ ಹತ್ತಿರಕ್ಕೆ ಒಯ್ದ. ಅಲ್ಲಿ ಅವನ ಮುಖ ಯಾರಿಗೂ ಕಾಣುತ್ತಿರಲಿಲ್ಲ.

ಮೊದಲು ಬೆಲ್ಟು ನೋಡಿದ. ಸಡಿಲವಾಗಿದ್ದರೆ ಜಾರಿ ಬಿಸಿಯಾಗುತ್ತದೆ, ಆದರೆ ಅದು ಬಿಗಿಯಾಗಿತ್ತು. ಬಿಗಿ ಮಾಡಿದವನು ಅವನೇ. ಈ ಗಾಡಿ ಕೆಡುವುದಕ್ಕೆ ಹತ್ತು ದಿನ ಮೊದಲು ನಾಗೇಶ ಬಂದು, "ಆಲ್ಟರ್ನೇಟರ್ ಮೇಲೆ ಕೈ ಇಡಕ್ಕಾಗ್ತಿಲ್ಲಣ್ಣ, ಸುಟ್ಟ ವಾಸನೆ ಬೇರೆ," ಎಂದು ದೂರಿದಾಗ ಬೆಲ್ಟನ್ನು ಎರಡು ಸುತ್ತು ಬಿಗಿದು ಕಳಿಸಿದ್ದ. ಬೇರಿಂಗ್ ತಿರುಗಿಸಿ ಕಿವಿಗೊಟ್ಟ, ಸದ್ದಿಲ್ಲ. ಅರ್ಥ್ ವೈರಿನ ಬೋಲ್ಟು ತುಕ್ಕು ಹಿಡಿದಿರಬೇಕೆಂದು ಆಸೆಪಟ್ಟು ಬಿಚ್ಚಿದ, ಅದು ಹೊಸ ಪೈಸೆಯ ಹಾಗೆ ಹೊಳೆಯಿತು. ಹಿಂದೆ ಪೇಷೆಂಟ್ ಮಲಗುವಲ್ಲಿ ರವೀಶ್ ಹೋದ ವರ್ಷ ಮೆಷಿನ್ನುಗಳಿಗೆಂದು ದೊಡ್ಡ ಇನ್ವರ್ಟರ್ ಹಾಕಿಸಿದ್ದ. ಅಷ್ಟು ಲೋಡು ಎಳೆದರೆ ಯಾವ ಆಲ್ಟರ್ನೇಟರ್ ತಾನೇ ಕಾಯದೆ ಇದ್ದೀತು! ಗುರುಪ್ರಕಾಶನ ಎದೆ ಒಂದು ಕ್ಷಣ ಹಗುರವಾಯಿತು. ಕೇಳಿದರೆ ನಾಗೇಶ, "ಅವತ್ತು ಇನ್ವರ್ಟರ್ ಆನೇ ಮಾಡಿರ್ಲಿಲ್ಲಣ್ಣ. ಆಕ್ಸಿಜನ್ ಸಿಲಿಂಡರಲ್ಲೇ ಕೊಟ್ಟಿದ್ದು," ಎಂದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಯನ್ನು ಅವನು ಎಷ್ಟೋ ಮಂದಿ ಗಿರಾಕಿಗಳಿಗೆ ಹೇಳಿ ನಗಿಸಿದ್ದುಂಟು. ಈಗ ಕೂಸು ಅಳುತ್ತಿದ್ದರೂ ಅವನು ಊರನ್ನೇ ಹುಡುಕುತ್ತಿದ್ದ.

ಬೇರೆ ಬ್ಯಾಟರಿ ಕೊಟ್ಟು ಇಂಜಿನ್ ಸ್ಟಾರ್ಟ್ ಮಾಡಿಸಿದ. ಆಲ್ಟರ್ನೇಟರ್ ಹೂಂಗುಟ್ಟತೊಡಗಿತು. ಹದಿನಾಲ್ಕು ವೋಲ್ಟು ತೋರಿಸಬೇಕಾದ ಮೀಟರು ಹನ್ನೆರಡನ್ನೂ ಸರಿಯಾಗಿ ಮುಟ್ಟದೆ ಒದ್ದಾಡಿತು. ಐದು ನಿಮಿಷ ಬಿಟ್ಟು ಆಲ್ಟರ್ನೇಟರಿಗೆ ಅಂಗೈ ತಾಗಿಸಿ ತಟ್ಟನೆ ಹಿಂದಕ್ಕೆ ಎಳೆದುಕೊಂಡ. ಒಳಗಿನ ತಂತಿ ಸುರುಳಿಯ ವಾರ್ನಿಷ್ ಸುಡುವ ಸಿಹಿ ಸಿಹಿ ವಾಸನೆ ಮೂಗಿಗೆ ಬಡಿಯಿತು. ಗುಬ್ಬಿಯಲ್ಲಿ ಗುಂಡಯ್ಯನವರ ಶೆಡ್ಡಿನಲ್ಲಿ ಕೆಲಸ ಕಲಿಯುವಾಗ ಇದೇ ವಾಸನೆ ಅಂಗಿಯಲ್ಲಿ ಸದಾ ಇರುತ್ತಿತ್ತು. ಗುಂಡಯ್ಯನವರು ಓಡುವ ಲಾರಿಯ ಬ್ಯಾಟರಿಯ ಟರ್ಮಿನಲನ್ನು ಕಿತ್ತು ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು. "ನೋಡ್ಲಾ, ಬ್ಯಾಟರಿ ಇಲ್ದೆನೂ ಇಂಜಿನ್ ಓಡ್ತಾ ಅದೆ. ಅಂದ್ರೆ ಡೈನಮೋ ಸರಿಯಾಗದೆ ಅಂತ. ಮೀಟ್ರೂ ಬ್ಯಾಡ ಮಣ್ಣೂ ಬ್ಯಾಡ," ಎನ್ನುವಾಗ ಸುತ್ತ ನಿಂತ ಲಾರಿಯವರು ದೇವರ ಪವಾಡ ಕಂಡ ಹಾಗೆ ಬಾಯಿ ಬಿಡುತ್ತಿದ್ದರು. ಆಲ್ಟರ್ನೇಟರಿನ ಜಾಗದಲ್ಲಿ ಡೈನಮೋ ಇದ್ದ ಕಾಲಕ್ಕೆ ಅದು ಸರಿ. ಈಗಿನ ಆಲ್ಟರ್ನೇಟರಿನಲ್ಲಿ ಹಾಗೆ ಕಿತ್ತರೆ ಕರೆಂಟು ಹೋಗಲು ದಾರಿಯಿಲ್ಲದೆ ಒಂದೇ ಸಲ ಏರಿ ಒಳಗಿನ ಡಯೋಡುಗಳನ್ನು ಒಡೆಯುತ್ತದೆ. ಒಡೆದ ಕೂಡಲೇ ಗೊತ್ತಾಗುವುದೂ ಇಲ್ಲ. ಗಾಡಿ ಓಡುತ್ತದೆ, ದಿನದಿನಕ್ಕೂ ಒಳಗೇ ಬೇಯುತ್ತ ಓಡುತ್ತದೆ. ಇದನ್ನು ತುಮಕೂರಿನ ಸತ್ಯಮಂಗಲದಲ್ಲಿ ನಡೆದ ಒಂದು ದಿನದ ಟ್ರೈನಿಂಗಿನಲ್ಲಿ, ಮಗನ ವಯಸ್ಸಿನ ಮೇಷ್ಟ್ರೊಬ್ಬ ಗೋಡೆಯ ಮೇಲೆ ಚಿತ್ರ ತೋರಿಸಿ ಹೇಳಿದ್ದ. "ಇನ್ನೂ ಟರ್ಮಿನಲ್ ಕಿತ್ತು ನೋಡೋರು ಯಾರಾದ್ರೂ ಇದೀರಾ? ಇದ್ರೆ ಕೈಯೆತ್ತಿ, ನಾಚ್ಕೊಬೇಡಿ," ಎಂದಾಗ ಯಾರೋ ಕಿಸಕ್ಕನೆ ನಕ್ಕರು. ಗುರುಪ್ರಕಾಶ್ ಕೈಯೆತ್ತಲಿಲ್ಲ. ಅವನ ಕಿವಿ ಬಿಸಿಯಾಗಿತ್ತು. ಕೊಟ್ಟ ಪುಳಿಯೋಗರೆ ಪೊಟ್ಟಣವನ್ನು ತಿನ್ನದೆ ಬಂದಿದ್ದ, ಬಂದವನು ಅದೇ ವಾರ ಒಂದು ಟ್ರ್ಯಾಕ್ಸ್ ಗಾಡಿಯ ಟರ್ಮಿನಲ್ ಕಿತ್ತು ಎತ್ತಿ ಹಿಡಿದಿದ್ದ. ಆ ಹುಡುಗನಿಗೆ ಏನು ಗೊತ್ತು, ಗುಂಡಯ್ಯನವರ ಮುಂದೆ ಇವನು ಯಾವ ಲೆಕ್ಕ ಎಂಬ ಹಟ ಅರ್ಧ. ಮೀಟರಿನ ಅಂಕಿ ಗಿರಾಕಿಗೆ ಅರ್ಥವಾಗುವುದಿಲ್ಲ, ಇದಾದರೆ ಕಣ್ಣು ಅರಳಿಸುತ್ತಾನೆ ಎಂಬ ಚಪಲ ಇನ್ನರ್ಧ. ಬೆಲ್ಟು ಬಿಗಿದದ್ದಕ್ಕೂ ಮೊದಲು ಈ ಆಂಬುಲೆನ್ಸ್ ಸ್ಟಾರ್ಟಿಂಗ್ ತೊಂದರೆಯೆಂದು ಬಂದಾಗ ಬ್ಯಾಟರಿಯ ಟರ್ಮಿನಲ್ ಕಿತ್ತು ತೋರಿಸಿದ್ದೂ ಹಾಗೆಯೇ. ಆಗ ಇದೇ ನಾಗೇಶ ಚಪ್ಪಾಳೆ ತಟ್ಟಿದ್ದ.

ಇಂಜಿನ್ ನಿಲ್ಲಿಸಿ ಆಲ್ಟರ್ನೇಟರನ್ನು ಕೆಳಗಿಳಿಸಿ ಮೇಜಿನ ಮೇಲಿಟ್ಟ. ಅದು ಆರಲೆಂದು ಇಬ್ಬರೂ ಕಾದರು. ನಾಗೇಶ ಟೀ ತಂದ. ಟೀ ಕುಡಿಯುತ್ತ ಕುಡಿಯುತ್ತ ಅವನು ಆ ದಿನದ ಮಾತೆತ್ತಿಯೇ ಎತ್ತುತ್ತಾನೆಂದು ಗುರುಪ್ರಕಾಶ್ ಹೆದರುತ್ತಿದ್ದ. ಎತ್ತಿಯೇಬಿಟ್ಟ. "ಅಣ್ಣ, ನಾನು ನಿಂಗೆ ಫೋನ್ ಮಾಡಿದ್ದು ಯಾರ್ಗೂ ಹೇಳಿಲ್ಲ." ಅಂದು ಉಪ್ಪಾರಹಳ್ಳಿಯ ಸಮುದಾಯ ಭವನದಲ್ಲಿ ಮಾಲಿನಿಯ ದೊಡ್ಡಪ್ಪನ ಮೊಮ್ಮಗಳ ಮದುವೆ. ಊಟದ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಬಿಡಿಸಿಕೊಳ್ಳುತ್ತಿದ್ದಾಗ ಫೋನು ಹೊಡೆದುಕೊಂಡಿತ್ತು. ರೆಡ್ ಲೈಟ್ ಬಂದೈತಣ್ಣ, ಕುಣಿಗಲ್ ಬಿಟ್ಟಿದೀನಿ, ಏನ್ ಮಾಡ್ಲಿ? ಎಡಗೈಯಲ್ಲಿ ಫೋನು ಹಿಡಿದು, "ಏನಾಗಲ್ಲ ಬಾರೋ, ತುಮಕೂರ್ ಮುಟ್ಟು, ನೋಡಣ," ಎಂದಿದ್ದ. ಆಮೇಲೆ ನಾಗೇಶ ಇನ್ನೊಂದು ಮಾತು ಹೇಳಿದ್ದ. ವಾಲಗದ ಸದ್ದಿನಲ್ಲಿ ಅದು ಕೇಳಿಸಲಿಲ್ಲ ಎಂದು ಗುರುಪ್ರಕಾಶ್ ಹದಿನೆಂಟು ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ. ಆದರೆ ಕೇಳಿಸಿತ್ತು. ಪೇಷೆಂಟ್ ಅವ್ರೆ ಅಣ್ಣ ಒಳಗೆ, ಎಂದಿದ್ದ. ಅದನ್ನು ಕೇಳಿಸಿಕೊಂಡೇ ಫೋನು ಜೇಬಿಗಿಟ್ಟು, ಬಡಿಸುವವನಿಗೆ ಇನ್ನೊಂದು ಚಮಚ ತುಪ್ಪ ಎಂದು ಕೈ ಮಾಡಿದ್ದ. ಕುಣಿಗಲ್ಲಿಗೇ ತಿರುಗಿಸು, ಬೇರೆ ಗಾಡಿಗೆ ಹತ್ತಿಸು ಎಂದಿದ್ದರೆ ಸಾಕಿತ್ತು.

"ಯಾಕೋ ಹೇಳ್ಲಿಲ್ಲ?" ಎಂದ ಗುರುಪ್ರಕಾಶ್. ದನಿ ಅವನಿಗೇ ಪರಕೀಯವಾಗಿ ಕೇಳಿತು.

"ಹೇಳಿ ಏನಣ್ಣ ಉಪಯೋಗ? ನಿಂಗೆ ಅಂಗಡಿ ಐತೆ, ಹೆಸರೈತೆ. ನಂದೇನು, ಇಲ್ಲಿ ಬಿಡ್ಸುದ್ರೆ ಗುಬ್ಬೀಲಿ ಎಲ್ಲಾದ್ರೂ ಟ್ರ್ಯಾಕ್ಟರ್ ಓಡುಸ್ಕೊಂಡು ಹೋಗ್ತೀನಿ. ರವೀಶ್ ಸಾಹೇಬ್ರು ಹೇಳ್ದಂಗೇ ಬರ್ದ್ಬುಡು. ಆದ್ರೆ ನಂಗೆ ಮಾತ್ರ ನಿಜ ಹೇಳಣ್ಣ, ನಾನು ಓಡ್ಸಿದ್ಕೇ ಸುಟ್ಟೋಯ್ತಾ?"

ಗುರುಪ್ರಕಾಶ್ ಆಲ್ಟರ್ನೇಟರಿನ ಹಿಂಬದಿಯ ನಾಲ್ಕು ಬೋಲ್ಟುಗಳನ್ನು ಬಿಚ್ಚಿದ. ಡಯೋಡ್ ಪ್ಲೇಟು ಹೊರಗೆ ಬಂದಿತು. ಮೀಟರಿನ ಒಂದು ವೈರಿನ ಮೊನೆಯನ್ನು ಡಯೋಡಿನ ಒಳಬದಿಗೆ, ಇನ್ನೊಂದನ್ನು ಹೊರಬದಿಗೆ ತಾಗಿಸಿದ. ಡಯೋಡು ಸರಿಯಿದ್ದರೆ ಒಂದೇ ದಿಕ್ಕಿಗೆ ಕರೆಂಟು ಬಿಡಬೇಕು. ಆರರಲ್ಲಿ ನಾಲ್ಕು ಹಾಗೆಯೇ ಬಿಟ್ಟವು. ಎರಡಕ್ಕೆ ಮಾತ್ರ ಮೀಟರು ಆ ಕಡೆಗೂ ಕುಂಯ್ ಎಂದಿತು, ಈ ಕಡೆಗೂ ಕುಂಯ್ ಎಂದಿತು, ಅವು ಒಡೆದಿದ್ದವು. ಸುತ್ತ ಪ್ಲೇಟು ಕಂದಿತ್ತು. ಇಷ್ಟು ಹೊತ್ತು ಹಿಡಿದುಕೊಂಡಿದ್ದ ಅಷ್ಟಿಷ್ಟು ಸಾಧ್ಯತೆಯೂ ಕೈಬಿಟ್ಟು ಹೋಯಿತು. ಆದರೂ ಬುದ್ಧಿ ಸುಮ್ಮನಿರಲಿಲ್ಲ. ಡಯೋಡು ಹಳೆಯದಾದರೂ ಹೋಗುತ್ತದೆ, ಯಾರು ನೋಡಿದ್ದಾರೆ, ಟರ್ಮಿನಲ್ ಕಿತ್ತದ್ದಕ್ಕೆ ಸಾಕ್ಷಿ ಈ ಒಬ್ಬ ನಾಗೇಶ, ಅವನಿಗೆ ಅದು ತಪ್ಪೆಂದೇ ಗೊತ್ತಿಲ್ಲ, ಎಂದು ಅದು ಒಳ್ಳೆಯ ವಕೀಲನ ಹಾಗೆ ಒಂದೊಂದೇ ಹೇಳಿಕೊಡುತ್ತಿತ್ತು. ಗುರುಪ್ರಕಾಶನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹೇಸಿಗೆಯಾಗುತ್ತಲೇ, "ಹಳೇದಾಗಿತ್ತು ಕಣೋ. ನಿನ್ ತಪ್ಪೇನಿಲ್ಲ," ಎಂದುಬಿಟ್ಟ. ನಾಗೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತ. ಅವನ ಬೆನ್ನು ಅದುರುವುದನ್ನು ನೋಡುತ್ತ ನಿಂತಿದ್ದ ಗುರುಪ್ರಕಾಶನಿಗೆ, ಅರ್ಧ ಸತ್ಯ ಹೇಳಿ ಒಬ್ಬ ಮನುಷ್ಯನ ಪೂರ್ತಿ ಕೃತಜ್ಞತೆಯನ್ನು ಕದ್ದೆ ಅನ್ನಿಸಿತು.

ಮಧ್ಯಾಹ್ನದ ಹೊತ್ತಿಗೆ ಸಿಟಿ ಬಸ್ಸಿನಿಂದ ಒಬ್ಬ ವಯಸ್ಸಾದ ಮನುಷ್ಯ ಇಳಿದು, ಬೋರ್ಡುಗಳನ್ನು ಓದುತ್ತ ಓದುತ್ತ ಬಂದು ಅಂಗಡಿಯ ಮುಂದೆ ನಿಂತ. ತಲೆ ಬೋಳಿಸಿದ್ದು ಅರ್ಧ ಬೆರಳಿನಷ್ಟೂ ಬೆಳೆದಿರಲಿಲ್ಲ. ನಾಗೇಶ ದಡಬಡಿಸಿ ಎದ್ದು ನಿಂತದ್ದರಿಂದಲೇ ಗುರುಪ್ರಕಾಶನಿಗೆ ತಿಳಿಯಿತು, ಇವರು ಲಕ್ಷ್ಮೀದೇವಮ್ಮನ ಗಂಡ. ವೆಂಕಟರಂಗಯ್ಯ ಎಂದು ತಾವೇ ಹೆಸರು ಹೇಳಿಕೊಂಡರು. ಆಂಬುಲೆನ್ಸಿನ ಹತ್ತಿರ ಹೋಗಿ ಹಿಂದಿನ ಬಾಗಿಲಿನ ಗಾಜಿನೊಳಗೆ ಒಂದು ಸಲ ಇಣುಕಿ, ಬಂದು ಸ್ಟೂಲಿನ ಮೇಲೆ ಕೂತರು. ರವೀಶನೇ ವಿಳಾಸ ಕೊಟ್ಟು ಕಳಿಸಿದ್ದನಂತೆ. "ನಾನೇನೂ ಜಗಳಕ್ಕೆ ಬಂದಿಲ್ಲ ಕಣಪ್ಪ," ಎಂದರು. "ನಮ್ಮುಡುಗಿ ಹೇಮಶ್ರೀ ಇಲ್ಲೇ ಹಾಸ್ಟೆಲಲ್ಲಿದ್ಕೊಂಡು ಓದ್ತಾಳೆ. ಅವ್ರಮ್ಮ ಹೋದಾಗ್ಲಿಂದ ಸರಿಯಾಗಿ ಊಟ ಮಾಡ್ತಿಲ್ಲ. ಗಾಡಿ ಯಾಕೆ ನಿಂತೋಯ್ತು, ಬರೆಸ್ಕೊಂಡು ಬಾ, ಇಲ್ದಿದ್ರೆ ಮುಖ ತೋರಿಸ್ಬೇಡ ಅಂತವ್ಳೆ. ನಾನು ಹೇಳ್ದೆ, ಟೈಮ್ ಬಂದಿತ್ತು ಕಣವ್ವ, ಮೋಟ್ರು ನೆಪ ಅಷ್ಟೇಯ, ಗಾಡಿ ಓಡ್ತಿದ್ರೂ ನಿಮ್ಮವ್ವ ಉಳೀತಿರ್ಲಿಲ್ಲ ಅಂತ. ನಂಬಾಕಿಲ್ಲ. ಕೆಲ್ಸ ಗೊತ್ತಿರೋರು ನೀವು. ನೀವು ಹೇಳಿದ್ರೆ ನಂಬ್ತಾಳೆ."

ಹೀಗೆ ಹೇಳುವಾಗ ಅವರು ಗುರುಪ್ರಕಾಶನ ಹಣೆಯ ವಿಭೂತಿಯನ್ನು ನೋಡುತ್ತಿದ್ದರು. ವಿಭೂತಿ ಧರಿಸಿದವನು ಸುಳ್ಳು ಹೇಳಲಾರ ಎಂಬ ಭರವಸೆ ಆ ನೋಟದಲ್ಲಿತ್ತೋ, ತನಗೇ ಹಾಗೆ ಕಂಡಿತೋ ತಿಳಿಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನಿಗೆ ಎಲ್ಲರ ಕಣ್ಣೂ ಹೆಗಲ ಮೇಲೇ ಇರುತ್ತದೆ. ಲೆಟರ್‌ಹೆಡ್ಡು ಮೇಜಿನ ಖಾನೆಯಲ್ಲಿತ್ತು. ಡ್ರೈವರನ ನಿರ್ಲಕ್ಷ್ಯ ಎಂದು ಬರೆದರೆ ರವೀಶನಿಗೆ ಖುಷಿ, ಹಳೆಯದಾಗಿತ್ತು ಎಂದು ಬರೆದರೆ ನಾಗೇಶನಿಗೆ ಖುಷಿ. ಎರಡರಲ್ಲಿ ಯಾವುದನ್ನು ಬರೆದರೂ ತಾನು ಬಚಾವು. ಎಷ್ಟು ಸುಲಭ! ಬೆಳಗಿನಿಂದ ಇದೇ ಸುಲಭದ ಸುತ್ತ ಸುತ್ತುತ್ತಿದ್ದ ಗುರುಪ್ರಕಾಶನೊಳಗೆ ಏನೋ ಒಂದು ತಡೆಯಲಾಗದೆ ಮೇಲಕ್ಕೆ ಬಂದಿತು. ವಾಂತಿ ಬರುವಾಗ ಹೇಗೆ ಜಾಗ ನೋಡುವುದಿಲ್ಲವೋ ಹಾಗೆ, ಎದುರಿಗೆ ಕೂತವರು ಯಾರು, ಅವರು ಏನು ಕೇಳಿದರು ಎಂಬುದನ್ನೂ ಅವನು ನೋಡಲಿಲ್ಲ.

"ಯಜಮಾನ್ರೇ, ಗಾಡಿ ಕೆಡಿಸಿದ್ದು ನಾನು," ಎಂದ. ಡಯೋಡ್ ಪ್ಲೇಟನ್ನು ಅವರ ಮುಂದೆ ಹಿಡಿದು ಎಲ್ಲ ಹೇಳಿದ. ಟರ್ಮಿನಲ್ ಕಿತ್ತದ್ದು, ಕೀಳಬಾರದೆಂದು ಗೊತ್ತಿದ್ದೂ ಕಿತ್ತದ್ದು, ಬಿಸಿಯಾಗುತ್ತಿದೆಯೆಂದು ಬಂದಾಗ ಬೆಲ್ಟು ಬಿಗಿದು ಸಾಗಹಾಕಿದ್ದು, ಮದುವೆಮನೆಯ ಪಂಕ್ತಿಯಲ್ಲಿ ಕೂತು ಬಾ ಎಂದದ್ದು, ಒಳಗೆ ಪೇಷೆಂಟ್ ಇದ್ದಾರೆಂದು ಕೇಳಿಸಿಕೊಂಡೂ ಅಂದದ್ದು. ತುಪ್ಪದ ಮಾತನ್ನೂ ಬಿಡಲಿಲ್ಲ. ಹೇಳುತ್ತ ಹೋದಂತೆ ಎದೆಯ ಮೇಲಿದ್ದ ಭಾರ ಇಳಿಯುತ್ತ ಹೋಯಿತು. ಕಣ್ಣಲ್ಲಿ ನೀರು ಬಂತು, ನೀರು ಬಂದದ್ದು ಅವನಿಗೆ ಹಿತವಾಗಿತ್ತು. ಹೊಡೆಯಲಿ, ಪೊಲೀಸಿಗೆ ಹೇಳಲಿ, ಬೇಕಾದ್ದು ಮಾಡಲಿ ಎಂದುಕೊಂಡು ಮುಖ ಎತ್ತಿದ. ನಾಗೇಶ ಗಾಡಿಗೆ ಒರಗಿ ಅವನನ್ನೇ ನೋಡುತ್ತಿದ್ದ. ಅವನ ಬಾಯಿ ಅರ್ಧ ತೆರೆದಿತ್ತು.

ವೆಂಕಟರಂಗಯ್ಯನವರಿಗೆ ಡಯೋಡು ಅರ್ಥವಾಗಲಿಲ್ಲ. ಅರ್ಥವಾಗಬೇಕಾದ್ದು ಆಯಿತು. "ಗಾಡಿ ನಿಂತ್ಕಂಡ ಜಾಗದಿಂದ ಆಸ್ಪತ್ರೆಗೆ ಎಷ್ಟೊತ್ತಾಗ್ತಿತ್ತು?" ಎಂದು ಕೇಳಿದರು.

"ಅರ್ಧ ಗಂಟೆ," ಎಂದ ಗುರುಪ್ರಕಾಶ್.

"ನಾವು ಐವತ್ತು ನಿಮಿಷ ನಿಂತಿದ್ದೋ ಕಣಪ್ಪ. ಅದ್ರಲ್ಲಿ ಮುಕ್ಕಾಲು ಗಂಟೆ ಅವ್ಳು ಮಾತಾಡ್ತಾನೇ ಇದ್ಲು. ಇನ್ನೂ ಬರ್ಲಿಲ್ವ ಇನ್ನೂ ಬರ್ಲಿಲ್ವ ಅಂತ ಕೇಳ್ತಾನೇ ಇದ್ಲು." ಅವರು ನಿಲ್ಲಿಸಿದರು. ಬೆರಳಿನಲ್ಲಿ ಏನನ್ನೋ ಎಣಿಸಿದರು. "ಅಂಗಾರೆ ಉಳ್ಕಂತಿದ್ಲು ಅನ್ನು."

ಇಷ್ಟು ದಿನ ಈ ಮನುಷ್ಯ ಒಂದೇ ಒಂದು ಮಾತನ್ನು ಊರುಗೋಲಿನ ಹಾಗೆ ಹಿಡಿದು ನಡೆದಿದ್ದ, ಟೈಮ್ ಬಂದಿತ್ತು ಎಂಬ ಮಾತು. ಅದನ್ನು ಗಟ್ಟಿ ಮಾಡಿಸಿಕೊಳ್ಳಲು ಕುಣಿಗಲ್ಲಿನಿಂದ ಎರಡು ಬಸ್ಸು ಹತ್ತಿ ಬಂದಿದ್ದ. ತನ್ನ ಎದೆ ಹಗುರಾಗಲೆಂದು ಗುರುಪ್ರಕಾಶ್ ಅದನ್ನು ಕಿತ್ತುಕೊಂಡಿದ್ದ. ಟರ್ಮಿನಲ್ ಕಿತ್ತದ್ದಕ್ಕಿಂತ ಇದು ದೊಡ್ಡ ತಪ್ಪು ಎಂದು ಅವನಿಗೆ ಹೊಳೆಯಿತು, ಹೊಳೆದದ್ದರಿಂದ ಪ್ರಯೋಜನವೇನೂ ಇರಲಿಲ್ಲ. "ನಾನು ಅಂಗನ್ನಲಿಲ್ಲ ಯಜಮಾನ್ರೇ..." ಎಂದು ತೊದಲಿದ. ವೆಂಕಟರಂಗಯ್ಯ ಕೈ ಅಡ್ಡ ಮಾಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಗುರುಪ್ರಕಾಶ್ ಅದನ್ನು ಪ್ರಸಾದದ ಹಾಗೆ ಕೈಯೊಡ್ಡಿ ತೆಗೆದುಕೊಳ್ಳುತ್ತಿದ್ದ.

"ಪೇಪರ್ ತಗಿ," ಎಂದರು ಅವರು.

ಗುರುಪ್ರಕಾಶ್ ಖಾನೆಯಿಂದ ಲೆಟರ್‌ಹೆಡ್ಡು ತೆಗೆದ. ಪೆನ್ನು ಹಿಡಿದು, "ನನ್ನ ತಪ್ಪಿನಿಂದ ಅಂತಲೇ ಬರಿತೀನಿ," ಎಂದ. ಹಾಗೆ ಹೇಳುವಾಗ ಅವನ ದನಿಯಲ್ಲಿ ಬೇಡಿಕೆಯಿತ್ತು.

"ಬ್ಯಾಡ. ಇದ್ನ ಹೇಮ ಓದ್ತಾಳೆ. ಅವ್ವ ಉಳ್ಕಂತಿದ್ಲು ಅಂತ ಗೊತ್ತಾದ್ರೆ ಆ ಕೂಸು ಏನಾಯ್ತದೆ? ನಂಗೆ ಗೊತ್ತಾಯ್ತಲ್ಲ, ಸಾಕು. ಹಳೇ ಗಾಡಿ, ಯಾರ್ ತಪ್ಪೂ ಇಲ್ಲ ಅಂತ ಬರಿ. ಓಡಿದ್ರೂ ಆಸ್ಪತ್ರೆಗೆ ಮುಟ್ತಿರ್ಲಿಲ್ಲ ಅಂತ್ಲೂ ಬರಿ."

"ಅದು ಸುಳ್ಳು ಯಜಮಾನ್ರೇ."

"ಗೊತ್ತು. ಬರಿ."

ಗುರುಪ್ರಕಾಶ್ ಬರೆಯತೊಡಗಿದ. ಬೆಳಿಗ್ಗೆ ತನ್ನನ್ನು ಉಳಿಸಿಕೊಳ್ಳಲು ಮನಸ್ಸಿನಲ್ಲೇ ನೂರು ಸಲ ಬರೆದಿದ್ದ ವಾಕ್ಯಗಳೇ ಮೊದಲು ಬಂದವು, ಅಕ್ಷರವೂ ಆಚೀಚೆಯಾಗಲಿಲ್ಲ. ಆದರೆ ಪ್ರತಿ ಪದಕ್ಕೂ ಪೆನ್ನು ಕಾಗದದೊಳಗೆ ಇಳಿದು ನಿಲ್ಲುತ್ತಿತ್ತು. ವೆಂಕಟರಂಗಯ್ಯ ಕುತ್ತಿಗೆ ಮುಂದೆ ಚಾಚಿ ಪ್ರತಿ ಸಾಲನ್ನೂ ಜೊತೆಜೊತೆಗೆ ತುಟಿ ಅಲ್ಲಾಡಿಸುತ್ತ ಓದಿದರು. ಒಂದು ಕಡೆ "ಮುಟ್ಟುವ ಸಂಭವ ಕಡಿಮೆ ಇತ್ತು" ಎಂದು ಬರೆದಿದ್ದನ್ನು ಬೆರಳಿಟ್ಟು ತೋರಿಸಿ, "ಇರ್ಲೇ ಇಲ್ಲ ಅಂತ ಮಾಡು," ಎಂದರು. ಅವನು ಹೊಡೆದುಹಾಕಿ ಹಾಗೇ ಮಾಡಿದ. ಹೊಡೆದುಹಾಕಿದ್ದು ಕಂಡರೆ ಹುಡುಗಿಗೆ ಅನುಮಾನ ಬರುತ್ತದೆಂದು ಹೊಸ ಹಾಳೆಯಲ್ಲಿ ಎಲ್ಲವನ್ನೂ ಮೊದಲಿನಿಂದ ಬರೆಸಿದರು. ಸಹಿ ಹಾಕಿ ಕೊಟ್ಟ ಕಾಗದವನ್ನು ಅವರು ತೆಗೆದುಕೊಳ್ಳಲಿಲ್ಲ.

"ಸೀಲ್ ಹೊಡಿಯಪ್ಪ," ಎಂದರು. "ಸೀಲಿಲ್ದಿದ್ರೆ ನಂಬಾಕಿಲ್ಲ ಅವ್ಳು."